ಸ್ಥಾಪಕರ ಎದೆ

ತೊಂದರೆ ಶುರುವಾದದ್ದು ಒಂದು ಖಾಲಿ ಮೊಳೆಯಿಂದ.

ಎಕ್ಸ್-ರೇ ತಂತ್ರಜ್ಞರ ಪ್ರಾದೇಶಿಕ ಸಂಘಕ್ಕೆ ಅಂದು ಐವತ್ತು ತುಂಬುವ ಸಮಾರಂಭ. ಸಭಾಂಗಣದ ಗೋಡೆಯ ಮೇಲೆ ಹಿಂದಿನ ಅಧ್ಯಕ್ಷರೆಲ್ಲ ಹಲ್ಲುನೋವಿನ ರೋಗಿಗಳ ಹಾಗೆ ಮುಖ ಬಿಗಿದುಕೊಂಡು ಸಾಲಾಗಿ ನೇತಾಡುತ್ತಿದ್ದರು. ಮೊದಲನೆಯ ಮೊಳೆ ಮಾತ್ರ ಬೋಳಾಗಿತ್ತು. ಅದು ಸ್ಥಾಪಕರದು.

"ಏನ್ರೀ ಉಸಿರಪ್ಪ, ಅಪ್ಪ ಯಾರೂಂತ ಗೊತ್ತಿಲ್ಲದ ಮಕ್ಕಳ ಥರ ಕಾಣ್ತಿದೀವಲ್ಲ" ಎಂದರು ಈಗಿನ ಅಧ್ಯಕ್ಷರು.

ಉಸಿರಪ್ಪ ಸಂಘದ ಕಾರ್ಯದರ್ಶಿ. ದಿನವಿಡೀ ರೋಗಿಗಳಿಗೆ 'ಉಸಿರು ಬಿಗಿ ಹಿಡೀರಿ, ಈಗ ಬಿಡಿ' ಎಂದು ಹೇಳಿ ಹೇಳಿ ಆ ಹೆಸರು ಅಂಟಿಕೊಂಡಿತ್ತು. ನಿಜವಾದ ಹೆಸರು ಹೆಂಡತಿಗೂ ಬ್ಯಾಂಕಿಗೂ ಬಿಟ್ಟು ಇನ್ನಾರಿಗೂ ನೆನಪಿರಲಿಲ್ಲ. ಬೇಡ ಎನ್ನಲು ಬಾರದವನಾದ್ದರಿಂದ ಸಂಘದ ಚರಿತ್ರೆ ಬರೆಯುವ ಕೆಲಸವೂ ಅವನ ಕೊರಳಿಗೇ ಬಿದ್ದಿತ್ತು.

ಚರಿತ್ರೆ ಸಾಮಾನ್ಯದ್ದಲ್ಲ. ಇಡೀ ವಿಭಾಗಕ್ಕೆ ಕಿರಣ ತಡೆಯುವ ಸೀಸದ ಏಪ್ರನ್ ಒಂದೇ ಇದ್ದ ಕಾಲ. ಒಬ್ಬ ಬಿಚ್ಚಿದ್ದನ್ನು ಇನ್ನೊಬ್ಬ ತೊಡಬೇಕು. ಇದನ್ನು ಪ್ರತಿಭಟಿಸಲು ಸ್ಥಾಪಕರು ಮೊದಲ ಸಭೆಯನ್ನು ಫಿಲ್ಮ್ ತೊಳೆಯುವ ಡಾರ್ಕ್‌ರೂಮಿನಲ್ಲೇ ಕರೆದರು. ಹೊರಗೆ ಕೆಂಪು ದೀಪ ಉರಿಯುತ್ತಿರುವಾಗ ಎಂಥ ಮೇಲಧಿಕಾರಿಯೂ ಆ ಬಾಗಿಲು ತೆರೆಯುವಂತಿರಲಿಲ್ಲ. ಸಭೆ ನಡೆದದ್ದು ಕತ್ತಲಲ್ಲಾದ್ದರಿಂದ ಯಾರು ಬಂದಿದ್ದರು, ಯಾರು ಬಂದಿರಲಿಲ್ಲ ಎಂದು ಹೇಳುವವರಿಲ್ಲ. ಹಾಗಾಗಿ ಈಗ ಬದುಕಿರುವ ಹಿರಿಯರೆಲ್ಲರೂ ಅಲ್ಲಿದ್ದರು. ಆಮೇಲೆ ಸಂಘ ಎರಡು ಸಲ ಒಡೆದು, ಒಂದೂವರೆ ಸಲ ಕೂಡಿಕೊಂಡಿತು. ಇಷ್ಟನ್ನೂ ಉಸಿರಪ್ಪ ನಿಷ್ಠೆಯಿಂದ ಬರೆದಿದ್ದ. ಸಿಗದೇ ಹೋದದ್ದು ಸ್ಥಾಪಕರ ಭಾವಚಿತ್ರವೊಂದೇ. ಜೀವಮಾನವೆಲ್ಲ ಊರವರ ಒಳಗಿನ ಚಿತ್ರ ತೆಗೆದ ಮನುಷ್ಯನ ಹೊರಗಿನದನ್ನು ತೆಗೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

"ಹೊರಗಿನದು ಇಲ್ಲದಿದ್ರೆ ಒಳಗಿನದೇ ಹಾಕಿ" ಎಂದರು ಅಧ್ಯಕ್ಷರು. "ಹೊಸ ಮಷೀನು ಬಂದಾಗೆಲ್ಲ ನಮ್ಮ ಎದೆ ಕೊಟ್ಟೇ ಅಲ್ವಾ ಪರೀಕ್ಷೆ ಮಾಡ್ತಿದ್ದದ್ದು? ಅವರ ಫಿಲ್ಮ್ ಎಲ್ಲೋ ಬಿದ್ದಿರುತ್ತೆ. ಉದ್ಘಾಟನೆಗೆ ದೊಡ್ಡ ಡಾಕ್ಟರು ಬರೋದ್ರೊಳಗೆ ತನ್ನಿ. ನಿಮ್ಮ ಕೈಲಾಗದಿದ್ರೆ ಹೇಳಿ, ಹೊಸ ಕಾರ್ಯದರ್ಶಿ ತರ್ತಾರೆ."

ಉಸಿರಪ್ಪ ಆಸ್ಪತ್ರೆಯ ಉಗ್ರಾಣಕ್ಕೆ ಓಡಿದ. ಹಳೆಯ ಫಿಲ್ಮುಗಳನ್ನೆಲ್ಲ, ಅವುಗಳಲ್ಲಿರುವ ಬೆಳ್ಳಿ ತೆಗೆಯುವವರಿಗೆ ಮಾರಿ ಎಷ್ಟೋ ಕಾಲವಾಗಿತ್ತು. ಸ್ಥಾಪಕರ ಶ್ವಾಸಕೋಶ ಈಗ ಯಾರ ಮನೆಯಲ್ಲಿ ಚಮಚವಾಗಿತ್ತೋ. ಬೆವರೊರೆಸಿಕೊಂಡು ಮನೆಗೆ ಹೋದ. ಬೀರುವಿನ ಮೇಲೆ ಅವನದೇ ಎದೆಯ ಫಿಲ್ಮ್ ಇತ್ತು. ವರ್ಷಕ್ಕೊಮ್ಮೆ ನೌಕರರೆಲ್ಲ ತೆಗೆಸಲೇಬೇಕೆಂದು ತೆಗೆಸಿದ್ದು. ಡಾಕ್ಟರಿಗೆ ತೋರಿಸಲು ಪುರುಸೊತ್ತಾಗಿರಲಿಲ್ಲ. ಒಳಗೆ ಎಲ್ಲರೂ ಒಂದೇ ಅಲ್ಲವೇ ಎಂದುಕೊಂಡು ಹೆಂಡತಿಯ ಹೊಲಿಗೆ ಕತ್ತರಿಯಿಂದ ಹೆಸರಿದ್ದ ಮೂಲೆಯನ್ನು ಕತ್ತರಿಸಿದ. ಅಟ್ಟದ ಧೂಳು ಸವರಿ ಅದರ ವಯಸ್ಸು ಹೆಚ್ಚಿಸಿದ.

ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ವಿಷಯ ತಿಳಿದು, "ಬದುಕಿರೋರು ತಮ್ಮ ಎದೆ ಒಯ್ದು ಸತ್ತವರ ಮೊಳೆಗೆ ನೇತು ಹಾಕಬಾರದು ರೀ" ಎಂದಳು.

ಉಸಿರಪ್ಪನಿಗೆ ಶಾಸ್ತ್ರ ಕೇಳುವಷ್ಟು ಹೊತ್ತಿರಲಿಲ್ಲ. ಸಿಕ್ಕಿತು, ಕೊನೆಗಾಲದ್ದು ಎಂದು ಅಧ್ಯಕ್ಷರಿಗೆ ವರದಿ ಒಪ್ಪಿಸಿ, ಫಿಲ್ಮನ್ನು ಎಕ್ಸ್-ರೇ ನೋಡುವ ದೀಪದ ಡಬ್ಬಕ್ಕೆ ಸಿಕ್ಕಿಸಿ, ಸುತ್ತ ಹೂವಿಟ್ಟು ಮೊಳೆಗೆ ತೂಗುಹಾಕುವ ಹೊತ್ತಿಗೆ ದೊಡ್ಡ ಡಾಕ್ಟರು ಬಂದೇಬಿಟ್ಟರು. ಸುತ್ತಲಿನ ಆಸ್ಪತ್ರೆಗಳ ಫಿಲ್ಮುಗಳನ್ನೆಲ್ಲ ಓದಿ ಹೇಳುವವರು ಅವರೊಬ್ಬರೇ. ಅವರು ಸ್ವಿಚ್ ಒತ್ತಿದರು. ಉಸಿರಪ್ಪನ ಪಕ್ಕೆಲುಬುಗಳು ಸಭೆಯ ಮೇಲೆ ಬೆಳಗಿದವು.

"ಅದೇ ಭುಜ ಕಣ್ರೀ" ಎಂದರು ಒಬ್ಬ ಹಿರಿಯರು ಗದ್ಗದಿತರಾಗಿ. "ಎಡಗಡೆ ಒಂಚೂರು ಇಳಿದಿರ್ತಿತ್ತು. ಡಾರ್ಕ್‌ರೂಮಿನಲ್ಲಿ ಪಕ್ಕದಲ್ಲೇ ನಿಂತು ನೋಡಿದ್ನಲ್ಲ."

ಸ್ಥಾಪಕರ ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಮಾವನೋರೇ. ನಾನು ಮದುವೆಯಾಗಿ ಬಂದಾಗ ಹೀಗೇ ಇದ್ರು."

ಉಸಿರಪ್ಪ ಮಾತ್ರ, ಗುಟ್ಟು ಯಾವ ಗಳಿಗೆಯಲ್ಲಿ ರಟ್ಟಾಗುತ್ತದೋ ಎಂದು ಡಬ್ಬದ ವೈರು ಹಿಡಿದುಕೊಂಡು ನೀರಿಗೆ ಬಿದ್ದ ಬೆಕ್ಕಿನಂತೆ ನಿಂತಿದ್ದ. ದೊಡ್ಡ ಡಾಕ್ಟರು ಅಲ್ಲಿಂದ ಕದಲಲಿಲ್ಲ. ಫಿಲ್ಮ್ ನೋಡಿದರು, ಉಸಿರಪ್ಪನನ್ನು ನೋಡಿದರು. ಮತ್ತೆ ಫಿಲ್ಮ್, ಮತ್ತೆ ಉಸಿರಪ್ಪ. ಅವರ ಮುಖ ಕಪ್ಪಿಟ್ಟಿತು.

"ಇದನ್ನ ತೆಗೆದ ಮೇಲೆ ಎಷ್ಟು ದಿನ ಇದ್ರು?" ಎಂದು ಕೇಳಿದರು.

"ಅದೇ ವರ್ಷ ಹೋಗ್ಬಿಟ್ರು ಸಾರ್" ಎಂದರು ಅಧ್ಯಕ್ಷರು.

"ನಾನೂ ಅಷ್ಟೇ ಅಂದ್ಕೊಂಡೆ."

ಇಂಥ ವಿದ್ವತ್ತನ್ನು ಕಣ್ಣಾರೆ ಕಂಡ ಸಭೆ ಚಪ್ಪಾಳೆ ತಟ್ಟಿತು. ಉಸಿರಪ್ಪನ ಉಸಿರು ಎದೆಯಲ್ಲೇ ನಿಂತಿತು. 'ಈಗ ಬಿಡಿ' ಎನ್ನುವವರು ಯಾರೂ ಇರಲಿಲ್ಲ.

ಆಮೇಲಿನ ಭಾಷಣಗಳು ಅವನ ಕಿವಿಗೆ ಚರಮಗೀತೆಗಳಾಗಿಯೇ ಬಿದ್ದವು. ಡಾಕ್ಟರು ಹಾಗೆಂದ ಮೇಲೆ ಫಿಲ್ಮಿನಲ್ಲಿ ರೋಗದ ಕೆಟ್ಟ ನೆರಳೊಂದು ಎಲ್ಲ ತಂತ್ರಜ್ಞರಿಗೂ ಸ್ಪಷ್ಟವಾಗಿ ಕಂಡಿತು. ಒಬ್ಬರಿಗೆ ಮೇಲೆ, ಒಬ್ಬರಿಗೆ ಕೆಳಗೆ, ಖಜಾಂಚಿಗೆ ಎರಡೂ ಕಡೆ. ಏಪ್ರನ್ನಿಲ್ಲದೆ ದುಡಿದು ಗಳಿಸಿದ ಆ ನೆರಳೇ ನಮ್ಮ ಸಂಘದ ಅಡಿಗಲ್ಲು ಎಂದು ಅಧ್ಯಕ್ಷರು ಮೇಜು ಕುಟ್ಟಿದರು. ಉಸಿರಪ್ಪನೂ ನೋಡಿದ. ಪರರ ಎದೆಯಾಗಿದ್ದರೆ ಅವನ ಅನುಭವಕ್ಕೆ ಒಂದು ನೋಟ ಸಾಕಿತ್ತು. ಇದು ತನ್ನದು. ಒಂದೊಂದು ಪಕ್ಕೆಲುಬಿನ ಸಂದಿಯಲ್ಲೂ ಒಂದೊಂದು ರೋಗ ಕೂತು ಕಣ್ಣು ಮಿಟುಕಿಸುತ್ತಿತ್ತು. ಮಗಳ ಓದು ಇನ್ನೂ ಅರ್ಧದಲ್ಲಿದೆ ಎಂಬುದು ನೆನಪಾಯಿತು.

ಧೈರ್ಯ ಬರಬಹುದೇನೋ ಎಂದು ಸ್ಥಾಪಕರ ಸೊಸೆಯ ಪಕ್ಕಕ್ಕೆ ಸರಿದು, ಮಾವನವರು ತುಂಬಾ ನರಳಿದರೇ ಎಂದು ವಿಚಾರಿಸಿದ.

"ಎಲ್ಲಿ ನರಳಿದ್ರು? ಹಿಂದಿನ ದಿನದವರೆಗೂ ಚೆನ್ನಾಗೇ ಓಡಾಡ್ಕೊಂಡಿದ್ರು. ನಿಮ್ಮ ಹಾಗೇ."

ಸಭೆ ಮುಗಿದು ಎಲ್ಲರೂ ಟೀಗೆ ಮುಗಿಬಿದ್ದಾಗ ಉಸಿರಪ್ಪ ದೊಡ್ಡ ಡಾಕ್ಟರ ಬೆನ್ನು ಹತ್ತಿದ. ಕಾರಿನ ಹತ್ತಿರ ಸಿಕ್ಕರು.

"ಸಾರ್, ಸ್ಥಾಪಕರಿಗಿದ್ದ ಆ ಕಾಯಿಲೆಗೆ ಈಗ ಔಷಧಿ ಬಂದಿದೆಯಾ?"

"ಸತ್ತೋರಿಗೆ ಯಾಕಯ್ಯ ಔಷಧಿ?"

"ಸತ್ತಿಲ್ಲ ಸಾರ್. ಆ ಫಿಲ್ಮ್ ನಂದು."

ಡಾಕ್ಟರು ಅತ್ತಿತ್ತ ನೋಡಿದರು. ಅವನ ತೋಳು ಹಿಡಿದು ಕಂಬದ ಮರೆಗೆ ಎಳೆದುಕೊಂಡು ಹೋದರು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

"ನೋಡಯ್ಯ, ಈಚೆಗೆ ನನ್ನ ಕಣ್ಣಿಗೆ ಫಿಲ್ಮ್‌ನಲ್ಲಿ ಏನೂ ಕಾಣಲ್ಲ. ಬರೀ ಮಂಜು. ಮನುಷ್ಯರ ಮುಖ ಕಾಣುತ್ತೆ, ಅದನ್ನ ನೋಡ್ಕೊಂಡೇ ರಿಪೋರ್ಟ್ ಹೇಳ್ತಾ ಬಂದಿದೀನಿ. ಫಿಲ್ಮ್ ತಂದ ತಂತ್ರಜ್ಞ ಆರಾಮಾಗಿದ್ರೆ ಏನೂ ಇಲ್ಲ ಅಂತೀನಿ, ಮುಖ ಸಪ್ಪಗಿದ್ರೆ ಏನೋ ಇದೆ ಅಂತೀನಿ. ಇವತ್ತಿನವರೆಗೂ ಒಂದೂ ತಪ್ಪಿಲ್ಲ. ನೀನು ಆ ಡಬ್ಬದ ಪಕ್ಕ ಹೆಣ ಕಾಯೋನ ಥರ ನಿಂತಿದ್ಯಲ್ಲ, ನಾನೇನಂತ ತಿಳ್ಕೊಳ್ಳಿ?"

ಉಸಿರಪ್ಪನಿಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ನನಗೇನೂ ಇಲ್ಲ ಸಾರ್?"

"ಅದು ನನಗೆ ಹೇಗಯ್ಯ ಗೊತ್ತಾಗುತ್ತೆ?"

ಬಂದ ಜೀವ ಬಂದ ದಾರಿಯಲ್ಲೇ ಹಿಂದಿರುಗಿತು. ಈ ಸುದ್ದಿಯನ್ನು ಯಾರಿಗಾದರೂ ಹೇಳುವಂತಿದೆಯೇ ಎಂದು ಅವನು ಯೋಚಿಸುತ್ತಿರುವುದು ಅವನ ಮುಖದಲ್ಲಿ ಕಂಡಿರಬೇಕು. ನನ್ನ ಕಣ್ಣಿನ ಮಾತು ಹೊರಗೆ ಬಿದ್ದ ದಿನ ನಿನ್ನ ಎದೆಯ ಮಾತೂ ಹೊರಗೆ ಬೀಳುತ್ತದೆ ಎಂದು ಡಾಕ್ಟರು ಮೆಲ್ಲಗೆ ತಿಳಿಸಿದರು. ಕಾರು ಹತ್ತಿ ಬಾಗಿಲು ಹಾಕಿಕೊಂಡವರು, ಅವನ ಸ್ಥಿತಿ ನೋಡಲಾರದೆ ಗಾಜು ಇಳಿಸಿದರು.

"ಅಷ್ಟೊಂದು ಯೋಚನೆ ಮಾಡಬೇಡ. ನಾಳೆ ಇನ್ನೊಂದು ಫಿಲ್ಮ್ ತೆಗೆಸ್ಕೊಂಡು ಬಾ, ನೋಡೇಬಿಡೋಣ. ಬರುವಾಗ ಮಾತ್ರ, ಮುಖ ಒಂಚೂರು ನಗುನಗ್ತಾ ಇಟ್ಕೊಂಡು ಬಾ."