ಕಬ್ಬಿಣ ಕುಣಿಸಿದ ಅಮ್ಮ ಊರಿಗೆ ಬಂದಾಗ

ಮ್ಯೂಸಿಯಂ ಕಾಯುವ ಕೆಲಸದಲ್ಲಿ ನಗುವಂಥದ್ದು ಏನಿರುತ್ತದೆ ಅನ್ನುವವರು ಒಂದು ವಾರ ನನ್ನ ಸ್ಟೂಲಿನ ಮೇಲೆ ಕೂತು ನೋಡಬೇಕು. ಅದರಲ್ಲೂ ಕಾಯಬೇಕಾದ ವಸ್ತುಗಳು ನಿಂತಲ್ಲಿ ನಿಲ್ಲದಂಥವಾದರೆ ಕೇಳುವುದೇ ಬೇಡ.

ನಾನು ಆಂಧ್ರದ ಗಡಿಯ ರಾಯದುರ್ಗದವಳು. ಮದುವೆಗೆ ಮುಂಚೆಯಿಂದ ಜೀನ್ಸ್ ಹೊಲಿದವಳು. ಆಮೇಲೆ ಬೆಂಗಳೂರಿನ ಗಾರ್ಮೆಂಟ್ಸ್ ಸೇರಿ, ಅಲ್ಲಿಂದ ಒಂದು ಮ್ಯೂಸಿಯಂನ ಕಾವಲಿಗೆ ಬಂದೆ. ಒಂದು ವರ್ಷ ನಮ್ಮ ಮ್ಯೂಸಿಯಂನವರು ಒಬ್ಬ ಹಿರಿಯ ಕಲಾವಿದೆಯ ಬದುಕಿನ ಕೆಲಸವನ್ನೆಲ್ಲ ಒಟ್ಟಿಗೆ ತೋರಿಸಲು ಹೊರಟರು. ಶಿಲ್ಪ ಅಂದರೆ ಕದಲಬಾರದು ಅಂತ ಎಲ್ಲರೂ ನಂಬಿದ್ದ ಕಾಲದಲ್ಲಿ ತಗಡು, ಸೈಕಲ್ ಚೈನು, ಹೊಲಿಗೆ ಮಷೀನಿನ ಚಕ್ರ ಜೋಡಿಸಿ ಶಿಲ್ಪವನ್ನು ಕುಣಿಸಿದವರು ಆಕೆ. ಹುಟ್ಟಿದ್ದು ಮಡಕಶಿರದ ಕಡೆ, ಮದುವೆಯಾಗಿ ಬಂದದ್ದು ರಾಯದುರ್ಗಕ್ಕೆ. "ಮೊದಲು ನಮ್ಮೂರಾಗ ತೋರಸ್ರಿ, ಆಮ್ಯಾಗ ಬೆಂಗಳೂರು" ಅಂತ ಪಟ್ಟು ಹಿಡಿದರು. ಹಾಗಾಗಿ ರಾಯದುರ್ಗದಲ್ಲಿ ಖಾಲಿ ಬಿದ್ದಿದ್ದ ಒಂದು ಜೀನ್ಸ್ ಹೊಲಿಯುವ ಶೆಡ್ಡಿಗೆ ಸುಣ್ಣ ಬಳಿದು ಪ್ರದರ್ಶನ ಇಟ್ಟರು. ಆ ಕಡೆಯ ಕನ್ನಡ, ತೆಲುಗು ಎರಡೂ ಬರುತ್ತವೆ ಅಂತ ನನ್ನನ್ನೂ ಕಳಿಸಿದರು. ಯೂನಿಫಾರಂ ಸೀರೆ ಉಟ್ಟು ಊರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಶಿಲ್ಪ ಮಾಡಿದವಳು ನಾನೇ ಅನ್ನುವಷ್ಟು ಬೀಗಿದ್ದೆ.

ಮುಟ್ಟಿ, ಮುಟ್ಟಬೇಡಿ

ಮ್ಯೂಸಿಯಂನವರು ವಾಡಿಕೆಯಂತೆ ಎಲ್ಲ ಕಡೆ "ಮುಟ್ಟಬೇಡಿ" ಅಂತ ಬೋರ್ಡು ತಗುಲಿಸಿದರು. ಕಲಾವಿದೆಗೆ ಸಿಟ್ಟು ಬಂತು. "ಹಿಡಿಕಿ ತಿರುವಿದ್ರ ಅಲ್ವೇನ್ರಿ ಅದು ಕುಣಿಯೋದು? ಮುಟ್ಟಲಿಲ್ಲಂದ್ರ ಅದು ಬರೇ ಗುಜರಿ ಸಾಮಾನು." ಕೊನೆಗೆ ಹಿಡಿಕೆ ಇರುವ ಶಿಲ್ಪಗಳ ಮುಂದೆ "ಮುಟ್ಟಿ" ಅಂತ ಬರೆಸಿದರು.

ಬೆಳುಗುಪ್ಪದಿಂದ ಬಂದಿದ್ದ ಒಬ್ಬ ತಾತ, ಹಿಡಿಕೆ ತಿರುವಿದರೆ ರೆಕ್ಕೆ ಬಡಿಯುವ ತಗಡಿನ ಕೊಕ್ಕರೆಯ ಮುಂದೆ ಕೈ ಹಿಂದೆ ಕಟ್ಟಿಕೊಂಡು ನಿಂತುಬಿಟ್ಟ. ಮುಖದಲ್ಲಿ ಆಸೆ ತುಂಬಿ ತುಳುಕುತ್ತಿದೆ, ಕೈ ಮಾತ್ರ ಮುಂದೆ ಬರುತ್ತಿಲ್ಲ.

"ತಿರುವ್ರಿ ತಾತಾ, ಏನೂ ಆಗಂಗಿಲ್ಲ," ಅಂದೆ.

"ಬ್ಯಾಡವ್ವ. ಹೋದ ತಿಂಗಳು ಹಿಂಗ ಏನೂ ಆಗಂಗಿಲ್ಲ ಅಂತ ಮನ್ಯಾಗ ಮಿಕ್ಸಿ ತಿರುವಿದೆ. ಸೊಸಿ ಇನ್ನಾ ನನ್ನ ಕೂಡ ಮಾತಾಡವಲ್ಲಳು."

ನಡೆಯುವ ಪ್ಯಾಂಟುಗಳು

ಒಂದು ಶಿಲ್ಪದಲ್ಲಿ ಬರೀ ಜೀನ್ಸ್ ಪ್ಯಾಂಟುಗಳು. ಒಳಗೆ ತಂತಿ, ಮೇಲೆ ಚೈನು, ಪಕ್ಕದಲ್ಲಿ ಮೋಟಾರು. ಸ್ವಿಚ್ ಹಾಕಿದರೆ ಸಾಲು ಸಾಲು ಪ್ಯಾಂಟು ದಡದಡ ನಡೆಯುತ್ತವೆ. ಊರಿನಿಂದ ದುಡಿಯಲು ಹೊರಟವರ ಸಾಲು ಅದು. ನೋಡಿದಾಗಲೆಲ್ಲ ಅದರಲ್ಲಿ ಒಂದು ಜೊತೆ ಕಾಲು ನನ್ನದೇ ಅನಿಸುತ್ತಿತ್ತು.

ಊರಿನ ಒಬ್ಬ ಜೀನ್ಸ್ ಸಾಹುಕಾರರು ಬಂದರು. ಕಲೆ ಗಿಲೆ ನೋಡಲಿಲ್ಲ. ನಡೆಯುತ್ತಿದ್ದ ಪ್ಯಾಂಟಿನ ಪಕ್ಕದಲ್ಲೇ ತಾವೂ ನಡೆಯುತ್ತ, ಬಗ್ಗಿ, ಅಂಚು ಹಿಡಿದು ನೋಡಿ, ಕಲಾವಿದೆಗೆ ಹೇಳಿದರು: "ಅಮ್ಮಾವ್ರೇ, ಈ ಪೀಸಿನಾಗ ಹೊಲಿಗಿ ಬಿಟ್ಟೈತಿ ನೋಡ್ರಿ. ಇಂಥ ಡ್ಯಾಮೇಜ್ ಮಾಲು ನಿಮಗ ಯಾರು ಕೊಟ್ರು?"

"ನಿಮ್ಮ ಅಂಗಡ್ಯಾಗ ತಗಂಡಿದ್ದು ರೀ," ಅಂದರು ಕಲಾವಿದೆ.

ಸಾಹುಕಾರರು ಹಿಡಿದಿದ್ದ ಅಂಚನ್ನು ಕೈಬಿಟ್ಟರು. ಆಮೇಲೆ ನೆರೆದವರ ಕಡೆ ತಿರುಗಿ, "ನೋಡ್ರಪಾ, ಡ್ಯಾಮೇಜ್ ಇದ್ರೂ ನಮ್ಮ ಮಾಲು ಹೆಂಗ ನಡೀತೈತಿ" ಅಂದರು.

ನಿಂತ ಶೋ

ಉದ್ಘಾಟನೆಯ ದಿನದ್ದು ಇನ್ನೊಂದು. ಬೆಂಗಳೂರಿನಿಂದ ಬಂದಿದ್ದ ನಮ್ಮ ಆಫೀಸರು ಮೈಕು ಹಿಡಿದು, "ಈಗ ನಿಮ್ಮ ಕಣ್ಣ ಮುಂದೆ ಕಬ್ಬಿಣಕ್ಕೆ ಜೀವ ಬರುತ್ತದೆ" ಅಂತ ಸ್ವಿಚ್ ಒತ್ತಿದರು. ಚಕ್ರಗಳು ತಿರುಗಿದವು, ಕೊಡೆಗಳು ಅರಳಿದವು, ಪ್ಯಾಂಟುಗಳು ಹೊರಟವು. ಎಲ್ಲರೂ ಬಾಯಿ ತೆರೆದು ನೋಡುತ್ತಿರುವಾಗಲೇ ಕರೆಂಟು ಹೋಯಿತು. ಅರ್ಧ ಅರಳಿದ ಕೊಡೆ ಅಲ್ಲೇ, ಎತ್ತಿದ ಕಾಲು ಮೇಲೇ.

ಶೆಡ್ಡಿಗೆ ಶೆಡ್ಡೇ ಚಪ್ಪಾಳೆ ತಟ್ಟಿತು. ನಿಲ್ಲುವುದೂ ಕಲೆಯೊಳಗೇ ಸೇರಿದ್ದು ಅಂದುಕೊಂಡಿದ್ದರು. ಆಫೀಸರ ಮುಖದ ಬೆವರು ನೋಡಲಾಗುತ್ತಿರಲಿಲ್ಲ. ಅಷ್ಟರಲ್ಲಿ ಕರೆಂಟು ಬಂತು, ಎಲ್ಲವೂ ಒಂದೇ ಏಟಿಗೆ ಕುಣಿಯತೊಡಗಿದವು. ಕಲಾವಿದೆ ತಾವೇ ಮಗುವಿನಂತೆ ಕೈ ತಟ್ಟಿದರು.

ಹೊರಗೆ ಹೋಗುವಾಗ ಒಬ್ಬರು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಅಕ್ಕಾರೆ, ಮತ್ತ ನಿಲ್ಲೋದು ಎಷ್ಟೊತ್ತಿಗ್ರಿ? ನಮ್ಮ ಮನಿಯಾಕೀನ ಕರ್ಕಂಡ್ ಬರ್ತೀನಿ. ಮನ್ಯಾಗ ನಾನು ಹಿಂಗ ನಿಂತಾಗ ಆಕಿ ಬೈತಾಳ. ಇಲ್ಲಿ ಚಪ್ಪಾಳಿ ಹೊಡೀತಾರ ಅಂತ ತೋರಸ್ಬೇಕು."

ಮಡಕಶಿರದ ಅಕ್ಕ

ಪ್ರದರ್ಶನ ನಡೆದಷ್ಟು ದಿನವೂ ಕಲಾವಿದೆಯ ಕಣ್ಣು ಬಾಗಿಲ ಮೇಲೇ. ದೊಡ್ಡವರೆಲ್ಲ ಬಂದರು, ಟಿವಿಯವರು ಬಂದರು. ಆಕೆ ಕಾಯುತ್ತಿದ್ದದ್ದು ತಮ್ಮ ಅಕ್ಕನನ್ನು. ತಾಯಿ ಹೋದ ಮೇಲೆ ತಂಗಿಯನ್ನು ಸಾಕಿದವರು ಆ ಅಕ್ಕ. ಆದರೆ ತಂಗಿ ಮಾಡಿದ ಒಂದು ಶಿಲ್ಪವನ್ನೂ ನೋಡಿದವರಲ್ಲ. ಯಾವಾಗ ಕರೆದರೂ, "ರೇಷ್ಮೆ ಹುಳ ಹಣ್ಣಾಗವೆ, ಗೂಡು ಕಟ್ಟೋ ಹೊತ್ತು, ಬಿಟ್ಟು ಬರಾಕಾಗಲ್ಲ" ಅನ್ನುವ ಒಂದೇ ಮಾತು. "ನನ್ನ ಕೆಲಸ ಅಕ್ಕಗ ಹಿಡಿಸಂಗಿಲ್ಲ ಬಿಡು," ಅಂತ ಕಲಾವಿದೆ ನನ್ನ ಮುಂದೆ ಒಮ್ಮೆ ಅಂದಿದ್ದರು. ಅಷ್ಟು ದೊಡ್ಡ ಹೆಸರಿನವರ ದನಿ ಅಷ್ಟು ಸಣ್ಣದಾಗಿದ್ದನ್ನು ಕೇಳಿ ನನಗೆ ಸಂಕಟವಾಗಿತ್ತು.

ಕೊನೆಯ ದಿನ ಮಧ್ಯಾಹ್ನ ಅಕ್ಕ ಬಂದೇಬಿಟ್ಟರು. ಚಪ್ಪಲಿ ಹೊರಗೆ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಲ್ಲವನ್ನೂ ನೋಡುತ್ತ ನಡೆದರು. ಹಿಂದೆ ತಂಗಿ, ಅವರ ಹಿಂದೆ ನಾವೆಲ್ಲ.

ಎಲ್ಲಕ್ಕಿಂತ ದೊಡ್ಡ ಶಿಲ್ಪ ಕೊನೆಯಲ್ಲಿತ್ತು. ಮೊರ ಹಿಡಿದು ಕಡಲೆಕಾಯಿ ಕೇರುವ ತಗಡಿನ ಹೆಂಗಸು. ಸೊಂಟ ಬಗ್ಗುತ್ತದೆ, ಮೊರ ಹಾರುತ್ತದೆ, ತಲೆ ಅತ್ತಿತ್ತ ಆಡುತ್ತದೆ. ಅಕ್ಕ ಅದರ ಮುಂದೆ ನಿಂತರು.

"ಇದು ನಾನಲ್ವೇನೇ?"

"ಹೂನಕ್ಕ. ಎಂಗೆ ಗೊತ್ತಾತು?" ತಂಗಿಯ ಮಾತು ತಾನಾಗಿ ಮಡಕಶಿರದ ಕಡೆಯ ಕನ್ನಡಕ್ಕೆ ತಿರುಗಿತ್ತು.

"ಕೇರೋವಾಗ ನಾಲಿಗೆ ಕಚ್ಕಂಡವ್ಳಲ್ಲ, ನಾನೇಯ." ಅಕ್ಕ ತಗಡಿನ ಕೆನ್ನೆಯನ್ನು ಸವರಿದರು. ತಂಗಿಯ ಕಣ್ಣು ತುಂಬಿತು. ನಾನಂತೂ ಡ್ಯೂಟಿ ಮರೆತು ಸೆರಗಿನಲ್ಲಿ ಮೂಗು ಒರೆಸಿಕೊಂಡೆ.

ಟಿವಿಯವರು ಬಿಡುತ್ತಾರೆಯೇ? ಮೈಕು ತಂದು ಅಕ್ಕನ ಬಾಯಿಗೆ ಹಿಡಿದರು. "ನಿಮ್ಮ ತಂಗಿಗೆ ಈ ಕಲೆ ಚಿಕ್ಕಂದಿನಿಂದಲೇ ಇತ್ತಾ ಅಮ್ಮ?"

"ಇತ್ತಪ್ಪ," ಅಂದರು ಅಕ್ಕ. "ಮೊರ ಕೈಗೆ ಕೊಟ್ರೆ ನನ್ನ ಮುಂದೆ ಇಟ್ಟು ಓಡೋಗೋಳು. ಒಂದು ಸೇರು ಕಳ್ಳೇಕಾಯಿ ಕೇರಿದೋಳಲ್ಲ. ಈಗ ನೋಡು, ಇಷ್ಟು ವರ್ಷ ಓದಿ, ಇಷ್ಟೊಂದು ಕಬ್ಬಿಣ ಕಾಸಿ, ಮೋಟ್ರು ಮಡಗಿ, ಕೊನೆಗೂ ಆ ಕೆಲಸಾನ ನನ್ನ ಕೈಲೇ ಮಾಡಿಸ್ತಾವ್ಳೆ."