ಬೀಗರಿಗೆ ಟೀ ಎಲ್ಲಿ ಕುಡಿಸುವುದು

ಈ ವಿಷಯವನ್ನು ಹೇಳಿಬಿಡಬೇಕೆಂದು ಎಷ್ಟು ಸಲ ಹೊರಟಿದ್ದೇನೋ ಅಷ್ಟು ಸಲವೂ ಏನಾದರೊಂದು ಅಡ್ಡ ಬಂದಿದೆ. ಒಮ್ಮೆ ಕನ್ನಡಕ ಸಿಗಲಿಲ್ಲ. ಒಮ್ಮೆ ಸಿಕ್ಕಿತು, ಪೆನ್ನಿನಲ್ಲಿ ಶಾಯಿ ಇರಲಿಲ್ಲ. ಇನ್ನೊಮ್ಮೆ ಎರಡೂ ಇದ್ದವು; ಆಗ ಮಧ್ಯಾಹ್ನದ ನಿದ್ದೆ ಬಂತು. ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚನ್ನು ಒಪ್ಪಿಕೊಳ್ಳುವುದು ಬಹಳ ಕಷ್ಟ. ಕೋಪಿಷ್ಠ ಎಂದು ಹೇಳಿಕೊಳ್ಳುವವರಿದ್ದಾರೆ, ಸೋಮಾರಿ ಎಂದು ನಗುತ್ತಲೇ ಒಪ್ಪಿಕೊಳ್ಳುವವರಿದ್ದಾರೆ. "ನಾನು ಹೊಟ್ಟೆಕಿಚ್ಚಿನ ಮನುಷ್ಯ, ಬನ್ನಿ ಕೂತುಕೊಳ್ಳಿ" ಎಂದವರನ್ನು ನಾನಂತೂ ಕಂಡಿಲ್ಲ. ಆದ್ದರಿಂದ ನಾನೇ ಮೊದಲಿಗನಾಗಿ ಒಪ್ಪಿಕೊಳ್ಳುತ್ತೇನೆ. ನನಗೆ ಹೊಟ್ಟೆಕಿಚ್ಚಿತ್ತು. ಅದೂ ಒಂದು ಟೀ ಕೆಟಲಿನ ಮೇಲೆ.

ಐವತ್ತರ ದಶಕದ ಮಾತು. ನಾನು ಎಸ್.ಎಸ್.ಎಲ್.ಸಿ. ಮುಗಿಸಿ ಕೋಟೆಯ ಹತ್ತಿರ ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ಬಸ್ಸಿನ ಬುಕಿಂಗ್ ಏಜೆಂಟನಾಗಿದ್ದೆ. ಕೋಟೆಯಿಂದ ಮೈಸೂರಿಗೆ ಹೋಗುವವರೆಲ್ಲ ನನ್ನ ಕಿಟಕಿಯ ಮುಂದೆ ಬಗ್ಗಲೇಬೇಕು. ಟಿಕೆಟ್ಟಿನ ಜೊತೆಗೆ ಅವರು ಇನ್ನೊಂದನ್ನೂ ಕೇಳುತ್ತಿದ್ದರು: "ಅಣ್ಣೋ, ಮೈಸೂರಲ್ಲಿ ಕಾಪಿ ತಿಂಡಿಗೆ ಎಲ್ಲಿಗೋಗಾದು?" ಈ ಪ್ರಶ್ನೆಗೆ ಉತ್ತರ ಹೇಳುವಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಯಾವ ಹೋಟೆಲಿನಲ್ಲಿ ಎರಡನೆಯ ಸಲ ಚಟ್ನಿ ಕೇಳಿದರೆ ಮುಖ ಸಿಂಡರಿಸುವುದಿಲ್ಲ, ಎಲ್ಲಿ ಹೆಂಗಸರಿಗೆ ಬೇರೆ ಕೋಣೆ ಇದೆ, ಎಲ್ಲಿ ಲೋಟ ದೊಡ್ಡದಾಗಿ ಕಂಡರೂ ತಳ ದಪ್ಪ, ಎಲ್ಲವೂ ನನಗೆ ಬಾಯಿಪಾಠ. ಕೋರ್ಟಿಗೆ ಹೋಗುವವರಿಗೆ ಗೆದ್ದರೆ ಒಂದು ಹೋಟೆಲು, ಸೋತರೆ ಇನ್ನೊಂದು ಎಂದು ಹೇಳಿ ಕಳಿಸುತ್ತಿದ್ದೆ. ಸೋತವರ ಹೋಟೆಲಿನಲ್ಲಿ ಫ್ಯಾನ್ ಇತ್ತು.

ಮಾವನ ಮನೆಯಲ್ಲೂ ನನ್ನ ಗೌರವ ನಿಂತಿದ್ದದ್ದು ಇದರ ಮೇಲೆಯೇ. ಮಾವನವರು ಕೋಟೆಯ ಹತ್ತಿರದ ಒಂದು ಹಳ್ಳಿಯ ರೈತರು. ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಹೊರಗೆ ಏನಾದರೂ ಮುಟ್ಟಬೇಕಾದರೆ ಅಡುಗೆಮನೆ ಯಾರದು, ಪಾತ್ರೆ ಯಾರದು ಎಂದು ವಿಚಾರಿಸಿಯೇ ಮುಟ್ಟುವವರು. ಅಂಥವರು ಮೈಸೂರಿಗೆ ಹೊರಟರೆ, "ದೊಡ್ಡಳಿಯಂದ್ರು ಎಲ್ಲಿ ಅಂತಾರೋ ಅಲ್ಲೇ" ಎನ್ನುತ್ತಿದ್ದರು. ನನಗೆ ಅಷ್ಟು ಸಾಕಾಗಿತ್ತು.

ಅಷ್ಟರಲ್ಲಿ ನನ್ನ ಹೆಂಡತಿಯ ತಂಗಿಗೆ ಮದುವೆಯಾಗಿ ನನಗೊಬ್ಬ ಷಡ್ಡಕ ಬಂದ. ಮೈಸೂರಿನಲ್ಲಿ ಒಂದು ಕಚೇರಿಯಲ್ಲಿ ಟೈಪಿಸ್ಟು. ಅವನ ಸಾಹೇಬರಿಗೆ ದೊರೆಗಳ ಕಾಲದ ಅಭ್ಯಾಸ. ಸಾಯಂಕಾಲ ನಾಲ್ಕಾಯಿತೆಂದರೆ ಟೀ ಆಗಬೇಕು. ಅವರ ಜೊತೆ ಓಡಾಡಿ ಇವನೂ ಟೀ ವಿಷಯದಲ್ಲಿ ಪಳಗಿದ್ದ. ಮೊದಲ ದೀಪಾವಳಿಗೆ ಮಾವನ ಮನೆಗೆ ಬರುವಾಗ ಒಂದು ಪಿಂಗಾಣಿ ಕೆಟಲನ್ನು ಪಂಚೆಯಲ್ಲಿ ಸುತ್ತಿ, ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದ. ಕುದಿಯುವ ನೀರನ್ನು ಟೀ ಸೊಪ್ಪಿನ ಮೇಲೆ ಹುಯ್ದು, ಮುಚ್ಚಳ ಮುಚ್ಚಿ, ಅದಕ್ಕೆ ಹತ್ತಿ ತುಂಬಿದ ಒಂದು ಬಟ್ಟೆಯ ಟೋಪಿ ಹಾಕಿದ.

"ಇದ್ಕೇನಪ್ಪ, ಕುಲಾವಿ ಆಕ್ಬುಟ್ಟೆ?" ಎಂದರು ಮಾವ.

"ಸೀತ ಆಯ್ತದೇನೋ ಪಾಪ," ಎಂದರು ಅತ್ತೆ.

ಮನೆಯೆಲ್ಲ ನಕ್ಕಿತು. ಅವನೂ ನಕ್ಕ. ಆಮೇಲೆ ಆ ಟೀ ಕುಡಿದು ಯಾರೂ ನಗಲಿಲ್ಲ, ಎಲ್ಲರೂ ಇನ್ನೊಂದು ಲೋಟ ಕೇಳಿದರು. ಮಾವನವರು ಮೀಸೆ ಒರೆಸಿಕೊಂಡು, "ಇದು ಟೀ ಕಣಪ್ಪ! ಇಷ್ಟು ದಿನ ಕುಡುದದ್ದು ಕಲಗಚ್ಚು" ಎಂದರು. ಇಷ್ಟು ದಿನ ಅವರು ಕುಡಿದದ್ದೆಲ್ಲ ನಾನು ತೋರಿಸಿದ ಹೋಟೆಲುಗಳಲ್ಲಿ. ನನಗೆ ಬೇಡ, ಪಿತ್ತ ಆಗುತ್ತದೆ ಎಂದು ಎದ್ದು ಹೊರಗೆ ಹೋದೆ. ನನ್ನ ಹೆಂಡತಿ ಹಿಂದೆಯೇ ಬಂದು, "ಎಲ್ಲಿ ಏನು ಉರೀತಾ ಅದೆ ಅಂತ ನಂಗೊತ್ತು ಬುಡಿ" ಎಂದಳು. ನನ್ನ ಹೊಟ್ಟೆಯ ವಿಷಯದಲ್ಲಿ ಅವಳು ಡಾಕ್ಟರಿಗಿಂತ ಮೇಲು.

ಆಮೇಲಿನ ದಿನಗಳಲ್ಲಿ ನನ್ನ ಕಿಟಕಿಯ ಮುಂದೆ ಬಗ್ಗಿದ ಮಾವನ ಊರಿನ ಕಡೆಯವರು ನನ್ನನ್ನು ಹೋಟೆಲು ಕೇಳುವುದನ್ನು ಬಿಟ್ಟರು. "ನಿಮ್ಮ ಷಡ್ಕ ಅವ್ರಲ್ಲ ಮೈಸೂರಲ್ಲಿ, ಅವರನ್ನೇ ಕೇಳ್ತೀವಿ" ಎನ್ನುತ್ತಿದ್ದರು. ಅಂಥವರಿಗೆ ನಾನು ಹಿಂದಿನ ಚಕ್ರದ ಮೇಲಿನ ಸೀಟು ಕೊಡುತ್ತಿದ್ದೆ.

ಹೀಗಿರುವಾಗ ಎರಡನೆಯ ನಾದಿನಿಗೆ ಗಂಡು ಗೊತ್ತಾಯಿತು. ಬೀಗರು ಕೃಷ್ಣರಾಜನಗರದ ಬೆಲ್ಲದ ವ್ಯಾಪಾರಿಗಳು. ಎರಡೂ ಕಡೆಯವರು ಮೈಸೂರಿನಲ್ಲಿ ಸೇರಿ ಜವಳಿ ತೆಗೆಯುವುದು, ಜವಳಿ ಮುಗಿದ ಮೇಲೆ ಹೆಣ್ಣಿನ ಕಡೆಯವರು ಗಂಡಿನ ಕಡೆಯವರಿಗೆ ಕಾಫಿ ತಿಂಡಿ ಮಾಡಿಸುವುದು ನಮ್ಮಲ್ಲಿ ನಡೆದು ಬಂದದ್ದು. ಸೀರೆಯಲ್ಲಿ ಸ್ವಲ್ಪ ಹೆಚ್ಚು ಕಡಿಮೆಯಾದರೆ ಹೆಂಗಸರು ಮರೆಯುತ್ತಾರೆ. ತಿಂಡಿಯಲ್ಲಿ ಆದರೆ ಗಂಡಸರು ಮೊಮ್ಮಕ್ಕಳ ಕಾಲದವರೆಗೂ ಹೇಳುತ್ತಾರೆ. ಹಾಗಾಗಿ ಹೋಟೆಲು ಆರಿಸುವುದು ಸಣ್ಣ ವಿಷಯವಲ್ಲ, ಮತ್ತು ಆರಿಸುವ ಹಕ್ಕು ಹಿರಿಯಳಿಯನದು. ನಾನು ಮಾರ್ಕೆಟ್ಟಿನ ಹಿಂದಿನ ಒಂದು ಹೋಟೆಲನ್ನು ಮನಸ್ಸಿನಲ್ಲಿ ಗೊತ್ತು ಮಾಡಿ, ಹೇಗೆ ಹೇಳಬೇಕೆಂದು ಬಸ್ಸಿನಲ್ಲಿ ತುಟಿ ಅಲ್ಲಾಡಿಸುತ್ತ ಬಂದೆ. ಇಳಿಯುವಾಗ ಮಾವನವರು ಹೇಳಿದರು: "ಟೀ ಏರ್ಪಾಡೆಲ್ಲ ಚಿಕ್ಕಳಿಯಂದ್ರೇ ಮಾಡವ್ರಂತೆ."

ಷಡ್ಡಕ ಬಸ್ ಸ್ಟ್ಯಾಂಡಿಗೇ ಬಂದಿದ್ದ. ನನ್ನನ್ನು ಪಕ್ಕಕ್ಕೆ ಕರೆದು, ಬಹಳ ಮರ್ಯಾದೆಯಿಂದ ಹೇಳಿದ:

"ಅಣ್ಣ, ನಮ್ಮ ಸಾಹೇಬರು ಹೋಗೋ ಹೋಟೆಲಲ್ಲಿ ಹೇಳಿದೀನಿ. ಹುಲ್ಲಿನ ಮೇಲೆ ಮೇಜು ಹಾಕ್ತಾರೆ. ಬೀಗರು ದೋಸೆ ತಿನ್ನದ ಊರಿಲ್ಲ, ಇಂಥ ಟೀ ಕುಡಿದಿರಲ್ಲ. ಆದ್ರೆ ಅದು ಬಿಳಿಯರು ಬರೋ ಜಾಗ, ಮೊಟ್ಟೆ ಗಿಟ್ಟೆ ಎಲ್ಲಾ ಉಂಟು. ಅದಕ್ಕೇ ನಮಗೆ ಬೇರೆ ಒಲೆ, ಹೊಸಾ ಪಾತ್ರೆ, ನಮ್ಮ ಮಠದ ಅಡುಗೆಯವರನ್ನೇ ಕರ್ಕಂಡು ಬಂದು ಕೂರ್ಸಿದೀನಿ. ಮಾವ ಏನಾದ್ರೂ ಅನುಮಾನ ಮಾಡಿದ್ರೆ ನೀವೊಂದು ಮಾತು ಹೇಳಿ ಅಣ್ಣ. ನಿಮ್ಮ ಮಾತು ನಡೀತದೆ."

"ಆಗ್ಲಿ ಕಣಪ್ಪ, ಅದಕ್ಕೇನು" ಎಂದೆ. ಅವನು ಇಷ್ಟೆಲ್ಲ ಯೋಚಿಸಿದ್ದಾನಲ್ಲ ಎಂದು ನನಗೆ ಸಂತೋಷವಾಗಬೇಕಿತ್ತು. ಮಠದ ಅಡುಗೆಯವರ ಉಪಾಯ ನನಗೆ ಹೊಳೆಯಲಿಲ್ಲವಲ್ಲ ಎಂದು ಸಂಕಟವಾಯಿತು.

ಜವಳಿ ಅಂಗಡಿಯಲ್ಲಿ ಮಧ್ಯಾಹ್ನವೆಲ್ಲ ಕಳೆಯಿತು. ಗಂಟುಗಳನ್ನು ಜಟಕಾಗಳಲ್ಲಿ ಹೇರಿಕೊಂಡು ಆ ಹೋಟೆಲಿನ ಗೇಟಿಗೆ ಹೋದೆವು. ಗೇಟಿನಿಂದಲೇ ಎಲ್ಲ ಕಾಣುತ್ತಿತ್ತು: ಹಸಿರು ಹುಲ್ಲು, ಬೆತ್ತದ ಕುರ್ಚಿಗಳು, ಉದ್ದ ಮೇಜಿಗೆ ಬಿಳಿಯ ಬಟ್ಟೆ, ಅದರ ಮೇಲೆ ಸಾಲಾಗಿ ಬೋರಲು ಹಾಕಿದ ಕಪ್ಪುಗಳು, ಕುಲಾವಿ ಹಾಕಿಕೊಂಡ ಕೆಟಲುಗಳು. ನೋಡಿದರೆ ಯಾರಿಗಾದರೂ ಹೋಗಿ ಕೂತುಕೊಳ್ಳಬೇಕು ಅನ್ನಿಸುವಂತಿತ್ತು. ನನಗೂ ಅನ್ನಿಸಿತು, ಅದಕ್ಕೇ ಹೊಟ್ಟೆ ಇನ್ನಷ್ಟು ಉರಿಯಿತು. ಬೀಗರು, "ಓಹೋಹೋ, ಏನ್ರೀ ಇದು ದರ್ಬಾರು!" ಎಂದರು. ಮಾವನವರ ಮುಖ ಅರಳಿತು. ಅದೇ ಸಮಯಕ್ಕೆ ಒಬ್ಬ ಪೇಟದ ಬಟ್ಲರು ದೂರದ ಮೇಜಿನ ದೊರೆಸಾನಿಗೆ ಏನನ್ನೋ ತಟ್ಟೆಯಲ್ಲಿ ಹಿಡಿದು ಹೋದ.

ಬೀಗಿತ್ತಿ ಸೆರಗನ್ನು ಮೂಗಿಗೆ ಹಿಡಿದು, "ಅದೇನ್ರವ್ವ, ಅಳ್ದಿ ಬಣ್ಣದ್ದು?" ಎಂದರು.

ಮಾವ ಗೇಟಿನಲ್ಲೇ ನಿಂತರು. ಚಿಕ್ಕಳಿಯನನ್ನು ಕೇಳಲಿಲ್ಲ, ನನ್ನ ಕಡೆ ತಿರುಗಿದರು. "ದೊಡ್ಡಳಿಯಂದ್ರೇ, ನೀವು ಮೈಸೂರು ಬಲ್ಲೋರು. ಇಲ್ಲಿ ನಮ್ಮಂತೋರು ಬಾಯಿಗಾಕ್ಬೋದಾ?"

ಅಷ್ಟು ದಿನದಿಂದ ನಾನು ಹಂಬಲಿಸುತ್ತಿದ್ದ ಮಾತು ಅದು. ಬೀಗರ ಮುಂದೆ, ಎಲ್ಲರ ಮುಂದೆ, ಮೈಸೂರು ಬಲ್ಲೋರು ಎಂದಿದ್ದರು. ಷಡ್ಡಕ ಗೇಟಿನ ಒಳಗೆ ನಿಂತು ನನ್ನ ಮುಖ ನೋಡುತ್ತಿದ್ದ. ಭಯವೇನೂ ಇರಲಿಲ್ಲ ಅವನಿಗೆ. ಸಣ್ಣಗೆ ನಗುತ್ತಲೇ ಇದ್ದ.

"ನಂಗೊತ್ತಿಲ್ಲ ಮಾವ," ಎಂದೆ. "ಮೊಟ್ಟೆ ಒಡೆಯೋ ಜಾಗ ಅಂತ ಮಾತ್ರ ಕೇಳಿದೀನಿ."

ಗೊತ್ತಿಲ್ಲ ಎಂಬುದಷ್ಟೇ ಸುಳ್ಳು, ಉಳಿದದ್ದು ನಿಜ. ಸುಳ್ಳು ಹೇಳಿದೆನೆಂಬ ಅಳುಕು ಬಂದಾಗಲೆಲ್ಲ ಮುಂದೆ ಎಷ್ಟೋ ವರ್ಷ ನಾನು ಈ ಲೆಕ್ಕ ಹಾಕಿಕೊಂಡು ಸಮಾಧಾನ ಮಾಡಿಕೊಂಡಿದ್ದೇನೆ.

"ಮಾವ, ನಮಗೆ ಬೇರೆ ಒಲೆ—" ಎಂದು ಷಡ್ಡಕ ಶುರುಮಾಡಿದ. ಮಾವ ಕೈ ಎತ್ತಿದರು. "ಬುಡಪ್ಪ. ನೀನು ಯಾವಾಗ್ಲೂ ಬರೋ ಜಾಗ, ನಿಂಗೆ ಅಭ್ಯಾಸ ಆಗೋಗದೆ." ಬೀಗರು ಆಗಲೇ ಜಟಕಾ ಹತ್ತುತ್ತಿದ್ದರು. ಷಡ್ಡಕ ನನ್ನ ಕಡೆ ಇನ್ನೊಮ್ಮೆ ನೋಡಿದ. "ಅಣ್ಣನಿಗೆ ಬೆಳಿಗ್ಗೆಯೇ ಹೇಳಿದ್ದೆ" ಎಂದು ಅವನು ಅಂದಿದ್ದರೆ ನನ್ನ ಬಣ್ಣ ಅಲ್ಲೇ ಬಯಲಾಗುತ್ತಿತ್ತು. ಅವನು ಅನ್ನಲಿಲ್ಲ. "ನೀವು ನಡೀರಿ, ಇಲ್ಲಿ ಅವರಿಗೊಂದು ಮಾತು ಹೇಳಿ ಬತ್ತೀನಿ" ಎಂದು ಒಳಗೆ ಹೋದ.

ನಾನು ದಿಗ್ವಿಜಯ ಮಾಡಿದವನಂತೆ ಎಲ್ಲರನ್ನೂ ನನ್ನ ಹೋಟೆಲಿಗೆ ಕರೆದುಕೊಂಡು ಹೋದೆ. ಅಲ್ಲಿ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಇಂಥಲ್ಲಿ ತಿನ್ನುವವನ ಹಿಂದೆ ನಿಂತು, ಅವನ ನೆತ್ತಿ ನೋಡುತ್ತ, ಅವನು ಏಳುವುದನ್ನು ಕಾಯಬೇಕು. ಬೀಗರನ್ನು ಒಬ್ಬೊಬ್ಬರಾಗಿ ಒಂದೊಂದು ನೆತ್ತಿಗೆ ಹಂಚಿದೆ. ಹಿಂದೆ ಜನ ನಿಂತಷ್ಟೂ ತಿನ್ನುವವರು ನಿಧಾನ ಮಾಡುತ್ತಾರೆ. ಹಿರಿಯ ಬೀಗರಿಗೆ ಸಿಕ್ಕಿದ್ದ ನೆತ್ತಿಯ ಮನುಷ್ಯ ಒಂದು ಇಡ್ಲಿಯನ್ನು ಸುತ್ತಲೂ ಕೆರೆಯುತ್ತಿದ್ದ. "ಇಡ್ಲಿ ತಿಂತಾವ್ನೋ, ಒಲ ಅಳೀತಾವ್ನೋ?" ಎಂದು ಬೀಗರು ಜೋರಾಗಿಯೇ ಕೇಳಿದರು. ಅವನು ತಿರುಗಿ ನೋಡಿ ಇನ್ನೊಂದು ಪ್ಲೇಟು ಹೇಳಿದ. ಕೊನೆಗೂ ಬಂದ ಟೀ ಕಾಫಿಯ ಬಟ್ಟೆಯಲ್ಲೇ ಶೋಧಿಸಿದ್ದು; ಎರಡರ ರುಚಿಯೂ ಇರಲಿಲ್ಲ. ಯಾರೂ ನನ್ನನ್ನು ಬೈಯಲಿಲ್ಲ. "ಎಂಗಾದ್ರೂ ಆಗ್ಲಿ, ದೊಡ್ಡಳಿಯಂದ್ರಿಂದ ನೇಮ ಉಳೀತು" ಎಂದರು ಮಾವ. ಆ ಕೆಟ್ಟ ಟೀ ನನಗೆ ಅಮೃತದಂತಿತ್ತು.

ಬಸ್ ಹೊರಡುವ ಹೊತ್ತಿಗೆ ಷಡ್ಡಕ ಬಂದ. ಕಿಟಕಿಯ ಹತ್ತಿರ ನಿಂತು ಮೆಲ್ಲಗೆ ಕೇಳಿದ: "ಅಣ್ಣ, ಬೆಳಿಗ್ಗೆ ಹೇಳಿದ್ದು ನಿಮಗೆ ಮರ್ತೋಗಿತ್ತೇನೋ ಅಲ್ವಾ?"

"ಹೂಂ ಕಣಪ್ಪ, ಮರ್ತೇ ಹೋಯ್ತು ನೋಡು," ಎಂದೆ. ನಾನು ಪಾರಾಗಲೆಂದು ಸುಳ್ಳನ್ನೂ ಅವನೇ ಹುಡುಕಿ ಕೊಟ್ಟಿದ್ದ.

ಮದುವೆಯೇನೋ ಚೆನ್ನಾಗಿಯೇ ಆಯಿತು. ಆದರೆ "ಅಭ್ಯಾಸ ಆಗೋಗದೆ" ಎಂಬ ಮಾತು ಅವನಿಗೆ ಅಂಟಿಕೊಂಡಿತು. ಮಾವನವರು ಮೈಸೂರಿಗೆ ಹೋದರೆ ಮಠದಲ್ಲಿ ಉಳಿಯುತ್ತಿದ್ದರು, ಮಗಳ ಮನೆಯ ಜಗಲಿಯಲ್ಲಿ ಕೂತು ಮಾತಾಡಿಸಿ ಎದ್ದು ಬರುತ್ತಿದ್ದರು. ಒಂದು ಸಲ ಆ ನಾದಿನಿ ನಮ್ಮ ಮನೆಗೆ ಬಂದಾಗ, "ಅಪ್ಪ ನಮ್ಮನೇಲಿ ನೀರೂ ಮುಟ್ಟಲ್ಲ ಭಾವ. ನಾವೇನು ಮಾಡ್ದೋ?" ಎಂದು ಅತ್ತಳು. ನಾನು ಅವಳಿಗೆ ಬಸ್ಸಿನಲ್ಲಿ ಮುಂದಿನ ಸೀಟು ಕೊಡಿಸಿದೆ.

ಇನ್ನು ಹೇಳಲು ಉಳಿದಿರುವುದು ಒಂದೇ. ಮದುವೆಯಾಗಿ ಕೆಲವು ತಿಂಗಳ ಮೇಲೆ ನಾನೊಬ್ಬನೇ ಆ ಹೋಟೆಲಿಗೆ ಹೋದೆ. ಅದೇನಿದೆಯೋ ನೋಡಿಬಿಡಬೇಕೆಂಬ ಹಟ. ಬೆತ್ತದ ಕುರ್ಚಿಯಲ್ಲಿ ಕೂತೆ. ಕೋಟೆಯ ಕಡೆಯವನೆಂದು ಕೇಳಿ ಬಟ್ಲರು ತಾನಾಗಿಯೇ ಹೇಳಿದ: ಆ ಕಡೆಯ ನೆಂಟರಿಗೆ, ಬೀಗರಿಗೆ ಎಂದು ಒಬ್ಬ ಟೈಪಿಸ್ಟು ಏರ್ಪಾಡು ಮಾಡಿಸಿದ್ದನಂತೆ. ಯಾರೂ ಬರಲಿಲ್ಲವಂತೆ. ಅವನು ಮಾಲಿಗಳನ್ನೂ ಜಟಕಾದವರನ್ನೂ ಕರೆದು ಆ ಬಿಳಿಯ ಬಟ್ಟೆಯ ಮೇಜಿಗೆ ಕೂರಿಸಿ, ಎಲ್ಲರಿಗೂ ತಾನೇ ಟೀ ಹುಯ್ದನಂತೆ. "ನಮ್ಮೋರಿಗೆ ಏನೋ ಅಡ್ಡಿ ಆಯ್ತು, ಅವರ ತಪ್ಪಿಲ್ಲ" ಎಂದನಂತೆ.

ಎದುರಿಗೆ ತಟ್ಟೆಯಲ್ಲಿ ಕೇಕಿನ ತುಂಡಿತ್ತು. ಅದಕ್ಕೆ ಮೊಟ್ಟೆ ಹಾಕಿರುತ್ತಾರೆಂದು ನನಗೆ ಗೊತ್ತಿತ್ತು. ತಿಂದೆ. ಮೆತ್ತಗೆ, ಬಹಳ ಚೆನ್ನಾಗಿತ್ತು. ಇನ್ನೊಂದನ್ನೂ ತರಿಸಿ ತಿಂದೆ. ಇಡೀ ನಮ್ಮ ನೆಂಟರಲ್ಲಿ ಆ ಹೋಟೆಲಿನ ಮೊಟ್ಟೆ ತಿಂದವನು ನಾನೊಬ್ಬನೇ. ಆ ವಾರವೇ ಮಾವನವರು ನಮ್ಮ ಮನೆಗೆ ಬಂದು, ಲಿಂಗಪೂಜೆ ಮುಗಿಸಿ, ನನ್ನ ಪಕ್ಕದಲ್ಲಿ ಕೂತು ಹೊಟ್ಟೆ ತುಂಬ ಉಂಡರು.

ಆಮೇಲೆ ಎಷ್ಟೋ ವರ್ಷ ಷಡ್ಡಕನ ಮನೆಗೆ ಹೋಗಿದ್ದೇನೆ. ಅವನು ಟೀ ಹುಯ್ಯುತ್ತ, "ಅಣ್ಣ, ಸಕ್ಕರೆ ಎಷ್ಟು?" ಎಂದಾಗ ಈಗ ಹೇಳಿಬಿಡೋಣ ಎಂದು ಬಾಯಿ ತೆರೆಯುತ್ತಿದ್ದೆ. "ಎರಡು ಚಮಚ" ಎಂಬುದಷ್ಟೇ ಹೊರಗೆ ಬರುತ್ತಿತ್ತು. ಮಾವ ಹೋದರು, ಬೀಗರು ಹೋದರು. ಹೋದ ಕಾರ್ತಿಕದಲ್ಲಿ ಅವನೂ ಲಿಂಗೈಕ್ಯನಾದ.

ಇಷ್ಟು ಹೊತ್ತು ಅವನನ್ನು ಷಡ್ಡಕ ಎಂದೇ ಬರೆದಿದ್ದೇನೆ, ಅವನು ಹುಟ್ಟಿದ್ದೇ ನನ್ನ ನೆಂಟನಾಗುವುದಕ್ಕೆ ಎಂಬಂತೆ. ನನ್ನದೇ ಕಥೆಯಲ್ಲಿ ಇನ್ನೊಬ್ಬರ ಹೆಸರು ದೊಡ್ಡದಾಗಿ ಕಾಣುವುದು ನನಗೆ ಈಗಲೂ ಸ್ವಲ್ಪ ಕಷ್ಟ. ಇದನ್ನು ಓದಿದವರು ನನ್ನನ್ನು ಮರೆತು ಅವರನ್ನು ಮಾತ್ರ ನೆನೆದರೆ ಹೊಟ್ಟೆಕಿಚ್ಚು ಪಡುವುದಿಲ್ಲ ಎಂದು ಆಣೆ ಮಾಡಲಾರೆ. ಆದರೂ ಬರೆಯುತ್ತೇನೆ. ಅವರ ಹೆಸರು ಗುರುಮಲ್ಲಪ್ಪ.