ಮಾವನ ಮುನ್ನೂರ ಹನ್ನೆರಡು ಪುಟ

ಬೆಳಿಗ್ಗೆ ಏಳು ಹತ್ತಕ್ಕೆ ಅಳಿಯನ ಕಂಪ್ಯೂಟರ್ ಪರದೆ ಕೆಂಪಾಯಿತು. ‘ನಿಮ್ಮ ಕಡತಗಳಿಗೆಲ್ಲ ಬೀಗ ಹಾಕಿದ್ದೇವೆ. ಕೀಲಿ ಬೇಕಿದ್ದರೆ ದುಡ್ಡು ಕಳಿಸಿ’ ಎಂಬ ಎರಡು ಸಾಲು ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ.

ಬೀಗ ಬಿದ್ದದ್ದು ಮಾವನ ಆತ್ಮಕಥೆಗೆ. ನಿವೃತ್ತ ಸ್ಟೇಷನ್ ಮಾಸ್ಟರ್ ಕೈಯಲ್ಲಿ ಬರೆದದ್ದನ್ನು ಅಳಿಯ ಎರಡು ವರ್ಷ ಕೂತು ಟೈಪ್ ಮಾಡಿದ್ದ. ಒಂದೊಂದು ಪುಟ ಟೈಪಾದ ಕೂಡಲೇ ಮಾವ ಮೂಲ ಹಾಳೆಯನ್ನು ಹರಿದು ಚೂರು ಮಾಡುತ್ತಿದ್ದರು. “ಒಂದೇ ಗಾಡಿಗೆ ಎರಡು ಆರ್ಡರ್ ಇದ್ರೆ ಅಪಘಾತ ಗ್ಯಾರಂಟಿ, ಅಳಿಯಂದಿರೇ!” ಸಂಜೆ ನಾಲ್ಕಕ್ಕೆ ಅವರು ಪುಸ್ತಕವನ್ನು ಅಚ್ಚಿಗೆ ಒಯ್ಯಲು ಬರುವವರಿದ್ದರು.

“ಅಪ್ಪನಿಗೆ ನೀವೇ ಹೇಳ್ಕೊಳ್ಳಿ. ನನ್ನ ಮಧ್ಯೆ ಎಳೀಬೇಡಿ” ಎಂದು ಹೆಂಡತಿ ಒಳಗೆ ಹೋದಳು.

ಮೇಲಿನ ಮನೆಯ ವಿಮಾ ಏಜೆಂಟರು ಕರೆಯದೆಯೇ ಇಳಿದು ಬಂದರು. “ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರಾ?” ಎಂದು ಪ್ಲಗ್ ಎಳೆದರು. ಪ್ಲಗ್ಗಿನ ಜೊತೆ ಗೋಡೆಯ ಸಾಕೆಟ್ಟೂ ಬಂತು. ಪಕ್ಕದ ಕೋಣೆಯಿಂದ ವೈರು ಎಳೆದು ಮತ್ತೆ ಹಾಕಿದಾಗ ಪರದೆ ಇನ್ನಷ್ಟು ಕೆಂಪಾಗಿ ಕಂಡಿತು.

ಹನ್ನೊಂದಕ್ಕೆ ಬಂದ ಮೆಕ್ಯಾನಿಕ್ ಸಾವಿನ ಮನೆಗೆ ಬಂದವನ ಹಾಗೆ ದನಿ ತಗ್ಗಿಸಿದ. “ಕಡತ ಸಿಗಲ್ಲ ಸಾರ್. ಪೂರ್ತಿ ಅಳಿಸಿ ಹೊಸದಾಗಿ ಹಾಕ್ಬೇಕು.”

ಅಳಿಯ ಬಾಯಿ ತೆರೆಯುವಷ್ಟರಲ್ಲಿ, “ಅಳಿಸಪ್ಪಾ” ಎಂದುಬಿಟ್ಟರು ಏಜೆಂಟರು.

ಮೂರೂವರೆಗೆ ಕಂಪ್ಯೂಟರ್ ಸುಣ್ಣ ಹೊಡೆದ ಖಾಲಿ ಮನೆಯಂತೆ ಬೆಳ್ಳಗಿತ್ತು. ನಾಲ್ಕಕ್ಕೆ, ಒಂದು ನಿಮಿಷ ಹೆಚ್ಚುಕಮ್ಮಿಯಿಲ್ಲದೆ, ಮಾವ ಬಂದರು. ಅಳಿಯ ತೊದಲುತ್ತ ಎಲ್ಲವನ್ನೂ ಹೇಳಿದ.

ಮಾವ ನಕ್ಕರು. “ಅಷ್ಟೇನಾ? ಬೆಳಿಗ್ಗೆ ನೀವು ಸ್ನಾನಕ್ಕೆ ಹೋದಾಗ ಬಂದು ಇದಕ್ಕೆ ಇಳಿಸ್ಕೊಂಡೆ. ನಲವತ್ತು ವರ್ಷದಲ್ಲಿ ಮೊದಲ ಸಲ ನಿಯಮ ಮುರಿದೆ ನೋಡಿ!” ಅಂಗಿಯ ಜೇಬಿನಿಂದ ಪೆನ್‌ಡ್ರೈವ್ ಹೊರಬಂತು. ಜೆರಾಕ್ಸ್ ಅಂಗಡಿಯವನು ಪುಕ್ಕಟೆ ಕೊಟ್ಟಿದ್ದಂತೆ.

ಅಳಿಯ ಅವರ ಕಾಲಿಗೆ ಬೀಳುವುದೊಂದು ಬಾಕಿ. ಮೆಕ್ಯಾನಿಕ್ ‘ತಡೀರಿ ಸಾರ್’ ಎನ್ನುವ ಮೊದಲೇ ಅಳಿಯ ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಚುಚ್ಚಿದ. ಮುನ್ನೂರ ಹನ್ನೆರಡು ಪುಟವೂ ಇದ್ದವು. ಮೂರು ಪುಟ ಕಣ್ತುಂಬ ನೋಡಿದ. ನಾಲ್ಕನೆಯದಕ್ಕೆ ಪರದೆ ಕೆಂಪಾಯಿತು.

“ಬೆಳಿಗ್ಗೆ ವೈರಸ್ ಬಂದಿದ್ದೂ ಇದರಿಂದಲೇ ಸಾರ್” ಎಂದ ಮೆಕ್ಯಾನಿಕ್. “ಈಗ ಪೆನ್‌ಡ್ರೈವಲ್ಲಿ ಇದ್ದದ್ದೂ ಹೋಯ್ತು.”

“ಎರಡು ಪ್ರತಿ ಮಾಡಿದ್ದಕ್ಕೇ ಹೀಗಾಯ್ತು” ಎಂದು ಮಾವ ಕುರ್ಚಿ ಎಳೆದುಕೊಂಡರು. “ಮಗಳೇ, ಹಾಲ್‌ನಲ್ಲಿ ನನಗೊಂದು ಹಾಸಿಗೆ ಹಾಕಮ್ಮ. ಅಳಿಯಂದಿರೇ, ನಾನು ಹೇಳ್ತಾ ಹೋಗ್ತೀನಿ, ನೀವು ಬರ್ಕೊಳ್ಳಿ. ಈ ಸಲ ಬಾಲ್ಯ ಸ್ವಲ್ಪ ವಿವರವಾಗಿರಲಿ.”

ಏಜೆಂಟರು ಇನ್ನೂರು ಪುಟದ ನೋಟ್‌ಬುಕ್ ತಂದುಕೊಟ್ಟರು. ಐದು ಗಂಟೆಗೆ ಮಾವ ಎರಡನೇ ಸಲ ಹುಟ್ಟಿದರು. ಆರೂವರೆಯಾದರೂ ಅವರಿಗೆ ಹಲ್ಲು ಬಂದಿರಲಿಲ್ಲ.